ಬಾಳಗಡಿಗೆ ಎಪ್ಪತ್ತೊಂದು ಅಂಕ

ಮೊನ್ನೆ ಹಳೆಯ ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದ ಬದಲಿಸಲು ಕೂತಾಗ ಒಂದು ಚೌಕುಳಿ ಹಾಳೆ ಸಿಕ್ಕಿತು. ಗಣಿತದ ನೋಟ್‌ಬುಕ್ಕಿನಿಂದ ಹರಿದದ್ದು. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಎಡಗಡೆ ಊರುಗಳ ಹೆಸರು ಬರೆದಿದ್ದೆ: ಕೊಪ್ಪ, ಬಾಳಗಡಿ, ಹರಿಹರಪುರ, ಭಂಡಿಗಡಿ. ಮೇಲಿನ ಸಾಲಿನಲ್ಲಿ ಬಾಡಿಗೆ, ನೀರು, ಬಸ್ಸು, ಸ್ಕೂಲು, ಡಾಕ್ಟರು, ಇತರೆ. ಪ್ರತಿ ಚೌಕದಲ್ಲೂ ಅಂಕ ಹಾಕಿ ಕೊನೆಗೆ ಕೂಡಿದ್ದೆ. ಬಾಳಗಡಿಗೆ ನೂರಕ್ಕೆ ಎಪ್ಪತ್ತೊಂದು ಬಂದಿತ್ತು. ಅದರ ಸುತ್ತ ಒಂದು ವೃತ್ತ ಬೇರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಗಸು ಬಾಡಿಗೆ ಮನೆ ಹುಡುಕಲು ಹೊರಟರೆ ಇಂಥದ್ದೇ ಆಗುವುದು, ನೀವು ನಗಬೇಡಿ. ಗಂಡು ಹುಡುಕುವಾಗ ಮಾತ್ರ ಇಂಥ ಹಾಳೆ ಮಾಡಿರಲಿಲ್ಲ. ಮಾಡಿದ್ದರೆ ‘ಬಸ್ಸು’ ಎಂಬ ಕಾಲಂನಲ್ಲಿ ನಮ್ಮ ಯಜಮಾನರು ನಪಾಸಾಗುತ್ತಿದ್ದರು.

ಯಾಕೆಂದರೆ ನನ್ನ ಕೆಲಸ ಶೃಂಗೇರಿಯಲ್ಲಿ, ಅವರ ಕೆಲಸ ನರಸಿಂಹರಾಜಪುರದಲ್ಲಿ. ಮದುವೆಯಾದಾಗ ‘ಇವತ್ತಲ್ಲ ನಾಳೆ ಯಾರಿಗಾದರೂ ಟ್ರಾನ್ಸ್‌ಫರ್ ಆಗ್ತದೆ ಬಿಡಿ’ ಅಂದವರೆಲ್ಲ ರಿಟೈರಾಗಿ ಹೋದರು, ನಮಗೆ ಆಗಲಿಲ್ಲ. ಏಳು ವರ್ಷ ಅವರೊಂದು ರೂಮು, ನಾನೊಂದು ರೂಮು. ಮಗಳು ಅಕ್ಷತಾ ನನ್ನ ಜೊತೆ ಇದ್ದಳು, ನೋಡಿಕೊಳ್ಳಲು ನಮ್ಮಮ್ಮ ಇದ್ದಳು. ಶನಿವಾರ ಸಂಜೆ ಇವರು ಕೈಯಲ್ಲೊಂದು ಚೀಲ ಹಿಡಿದು ಬರುವುದು, ಸೋಮವಾರ ಬೆಳಗ್ಗೆ ಅದೇ ಚೀಲ ಹಿಡಿದು ಹೋಗುವುದು. ಒಂದು ಸೋಮವಾರ ಬೆಳಗ್ಗೆ ಮಗಳು ಬಾಗಿಲಲ್ಲಿ ನಿಂತು, “ಅಪ್ಪ, ಮತ್ತೆ ಯಾವಾಗ ಬರ್ತೀರಿ ನಮ್ಮನೆಗೆ?” ಅಂತ ಬಹುವಚನದಲ್ಲಿ ಕೇಳಿದಳು. ನೆಂಟರನ್ನು ಕೇಳುವ ಹಾಗೆ. ಇವರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಹಾಗೇ ಬಗ್ಗಿಕೊಂಡೇ ಇದ್ದರು ಸ್ವಲ್ಪ ಹೊತ್ತು.

ಆ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡಳು. ಜೂನ್ ತಿಂಗಳಿಗೆ ಅಕ್ಷತಾ ಒಂದನೇ ಕ್ಲಾಸಿಗೆ ಹೋಗಬೇಕಿತ್ತು. ಮಧ್ಯದಲ್ಲಿ ಎಲ್ಲಾದರೂ ಒಂದು ಮನೆ ಮಾಡೋಣ, ಇಬ್ಬರೂ ಬಸ್ಸಿನಲ್ಲಿ ಓಡಾಡಿದರಾಯಿತು ಅಂತ ತೀರ್ಮಾನಿಸಿದೆವು. ಮಧ್ಯ ಅಂದರೆ ಕೊಪ್ಪ. ಕೊಪ್ಪ ಪೇಟೆಯಲ್ಲಿ ಬಾಡಿಗೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಸುತ್ತಲಿನ ಊರುಗಳು.

ಇಲ್ಲಿ ನಮ್ಮಮ್ಮನ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ರೈಟರ್ ಆಗಿದ್ದವರು. ಕೂಲಿಗಳ ಹಾಜರಿ ಬರೆಯುವ ಕೆಲಸ. ಧಣಿಗಳ ಜೊತೆ ಜಗಳ ಆಡುವುದರಲ್ಲಿ ಅವರಿಗೆ ಇದ್ದ ಹುಮ್ಮಸ್ಸು ಹಾಜರಿ ಬರೆಯುವುದರಲ್ಲಿ ಇರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸುವಷ್ಟರಲ್ಲಿ ಏಳು ಮನೆ ಬದಲಾಗಿತ್ತು. ಹೊಸ ಮನೆ ನೋಡಲು ಹೋದರೆ ಅಮ್ಮ ಒಳಗೆ ಕಾಲಿಡುತ್ತಿರಲಿಲ್ಲ. ಅಪ್ಪ ಹಂಚು ನೋಡಿ, ಗೋಡೆ ತಟ್ಟಿ, ಬಚ್ಚಲು ಇಣುಕಿ ಬರುವಷ್ಟರಲ್ಲಿ ಅವಳು ಪಕ್ಕದ ಮನೆಯ ಮೆಟ್ಟಿಲ ಮೇಲೆ ನಿಂತು, “ಅಕ್ಕಾ, ಕುಡಿಯಕ್ಕೆ ಸ್ವಲ್ಪ ನೀರು ಕೊಡ್ತೀರಾ?” ಅನ್ನುತ್ತಿದ್ದಳು. ಲೋಟದ ಜೊತೆ ಒಂದು ತುಂಡು ಬೆಲ್ಲವೂ ಬಂದರೆ ಆ ಮನೆ ಆಗಬಹುದು. ಬರೀ ನೀರು ಬಂದರೆ ಯೋಚಿಸಬೇಕು. ಕಿಟಕಿಯಿಂದ ‘ಯಾರು, ಎಂತ ಬೇಕು’ ಅಂತ ಕೇಳಿದರೆ ಅಪ್ಪ ಎಷ್ಟೇ ಹೊಗಳಿದರೂ ಆ ಮನೆ ಬೇಡ. ನಾನು ಬಿಎಸ್‌ಸಿ ಓದಿದವಳು. ನನ್ನ ಹಾಳೆಯಲ್ಲಿ ಆ ಕಾಲಂ ಇರಲಿಲ್ಲ.

ರಜೆಯ ಭಾನುವಾರಗಳಲ್ಲಿ ನಾವು ಮೂವರೂ ಹೊರಟೆವು. ಹರಿಹರಪುರದಲ್ಲಿ ನೋಡಿದ ಮನೆ ಕನ್ನಡಿಯ ಹಾಗಿತ್ತು. ಮಾಲೀಕರು ಕುರ್ಚಿ ಕೊಟ್ಟು ಕೂರಿಸಿ, ತಿಂಗಳಿಗೆ ಎಷ್ಟು ಜನ ನೆಂಟರು ಬರುತ್ತಾರೆ, ಒಬ್ಬೊಬ್ಬರೂ ಎಷ್ಟು ದಿನ ಇರುತ್ತಾರೆ, ಬಂದವರೆಲ್ಲ ಸ್ನಾನ ಮಾಡುತ್ತಾರೋ ಎಂದು ವಿಚಾರಿಸಿದರು. ಇವರು, “ನಮ್ಮನೆಗೆ ಬರೋ ಖಾಯಂ ನೆಂಟ ನಾನೇ ಸಾರ್, ವಾರಕ್ಕೊಂದು ಸಲ ಸ್ನಾನ ಮಾಡ್ತೇನೆ,” ಅಂದುಬಿಟ್ಟರು. ಅಲ್ಲಿಗೆ ಅದು ಮುಗಿಯಿತು. ಭಂಡಿಗಡಿಯಲ್ಲಿ ಅಗ್ಗದ ಬಾಡಿಗೆಗೆ ಒಳ್ಳೆ ಮನೆ, ಎದುರಿಗೆ ಅಂಗಳ, ಮಗಳು ಆಗಲೇ ಕುಂಟಾಬಿಲ್ಲೆಯ ಚೌಕ ಹಾಕಿಯಾಗಿತ್ತು. “ಬೆಳಗ್ಗೆ ಶೃಂಗೇರಿಗೆ ಬಸ್ಸು ಹೇಗೆ?” ಅಂತ ಅಂಗಡಿಯವರನ್ನು ಕೇಳಿದೆ. “ಬಸ್ಸು ಉಂಟು ಮಾರಾಯ್ರೆ. ಅದು ನಿಲ್ಲಿಸ್ತದಾ ಇಲ್ವಾ ಅನ್ನೋದು ನಮ್ಮ ಹಣೆಬರಹ ನೋಡ್ಕೊಂಡು,” ಅಂದರು. ಬಸ್ಸಿನ ಚೌಕದಲ್ಲಿ ಇಪ್ಪತ್ತಕ್ಕೆ ಆರು ಹಾಕಿದೆ.

ಬಾಳಗಡಿಯ ಮನೆ ಮೂರು ಮನೆಗಳ ಒಂದು ಸಾಲಿನ ಕೊನೆಯದು. ಮಾಲೀಕರು ಊರಲ್ಲಿರಲಿಲ್ಲ, ಬೀಗದ ಕೈ ನಡುವಿನ ಮನೆಯಲ್ಲಿದೆ ಅಂದಿದ್ದರು. ಆ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೊಲಿಗೆ ಮಿಷನ್ನಿನ ಶಬ್ದ. ಐವತ್ತು ದಾಟಿದ ಒಬ್ಬ ಹೆಂಗಸು ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಎದ್ದು ಬಂದರು. ಸುಶೀಲಕ್ಕ. ಒಂಟಿ ಹೆಂಗಸು. ಮದುವೆ ಆಗಿರಲಿಲ್ಲವೋ, ಆಗಿ ಬಿಟ್ಟಿತ್ತೋ, ಎರಡು ವರ್ಷ ಪಕ್ಕದಲ್ಲಿದ್ದರೂ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮನೆ ತೋರಿಸುತ್ತಾ ಅವರೇ ಅದರ ಕುಂದುಗಳನ್ನೆಲ್ಲ ಹೇಳಿದರು. “ಅಡುಗೆಮನೆ ನಲ್ಲಿ ಸ್ವಲ್ಪ ಸೋರ್ತದೆ. ಬಚ್ಚಲ ಒಲೆ ಹೊಗೆ ಬಿಡ್ತದೆ, ಕಣ್ಣು ಉರೀತದೆ. ಈ ಕಿಟಕಿ ಒಂದು ಮುಚ್ಚಿದ್ರೆ ತೆಗೆಯಕ್ಕೆ ಬರುದಿಲ್ಲ, ತೆಗೆದ್ರೆ ಮುಚ್ಚಕ್ಕೆ ಬರುದಿಲ್ಲ. ಮತ್ತೆಲ್ಲ ಚಂದ.” ಆಮೇಲೆ ಅಕ್ಷತಾಳನ್ನು ನೋಡಿ, “ಎಂತ ಕೂಸೇ, ಬತ್ತೆಯಾ ಇಲ್ಲಿಗೆ?” ಅಂದರು. ಅವರ ಮನೆಮಾತು ಹಾಗೆ. ನನ್ನ ಮಗಳಿಗೆ ‘ಬತ್ತೆಯಾ’ ಅನ್ನುವುದು ಬಹಳ ತಮಾಷೆಯಾಗಿ ಕಂಡಿರಬೇಕು. ಕಿಲಕಿಲ ನಕ್ಕು, “ಬತ್ತೆ,” ಅಂದಳು.

ಕೊಪ್ಪ ಪಕ್ಕದಲ್ಲೇ, ಸ್ಕೂಲು ನಡೆಯುವ ದೂರ, ಬಾಡಿಗೆ ನಮ್ಮ ಅಂಕೆಯಲ್ಲಿ. ಎಪ್ಪತ್ತೊಂದು ಬಂತು. ಹೋದೆವು.

ಬೆಳಗ್ಗೆ ಬಾಳಗಡಿಯಿಂದ ಕೊಪ್ಪ ಬಸ್ ಸ್ಟ್ಯಾಂಡಿನವರೆಗೆ ಗಂಡ ಹೆಂಡತಿ ಒಂದೇ ಬಸ್ಸು. ಅಲ್ಲಿ ಇಳಿದು ಅವರು ಎನ್.ಆರ್. ಪುರದ ಬಸ್ಸಿನತ್ತ, ನಾನು ಶೃಂಗೇರಿ ಬಸ್ಸಿನತ್ತ. ನಮ್ಮ ದಾಂಪತ್ಯದ ಮಾತುಕತೆಯೆಲ್ಲ ಆ ಹತ್ತು ನಿಮಿಷದಲ್ಲಿ ನಡೆಯುತ್ತಿತ್ತು. ಗ್ಯಾಸ್ ಮುಗಿದದ್ದು, ಅತ್ತೆಗೆ ಮಂಡಿನೋವು, ನನಗೆ ಯಾಕೋ ಬೇಜಾರು, ಎಲ್ಲವೂ. ಕಂಡಕ್ಟರಿಗೂ ನಮ್ಮ ಸಂಸಾರದ ವಿಷಯ ಸಾಕಷ್ಟು ಗೊತ್ತಿತ್ತು. ಸಂಜೆ ನಾನು ತಲುಪುವಾಗ ಆರೂವರೆ, ಅವರು ಏಳು, ಏಳೂಕಾಲು. ಮಗಳು ಸ್ಕೂಲಿನಿಂದ ಬರುವುದು ನಾಲ್ಕಕ್ಕೆ. ಈ ಎರಡೂವರೆ ಗಂಟೆ ನನ್ನ ಹಾಳೆಯ ಯಾವ ಚೌಕದಲ್ಲೂ ಕೂರಲಿಲ್ಲ. ಹೋದ ಮೊದಲ ವಾರವೇ ಸುಶೀಲಕ್ಕ ಅದನ್ನು ಪರಿಹರಿಸಿದರು.

“ಕೂಸು ನಮ್ಮಲ್ಲಿ ಕೂತ್ಕೊಳ್ಲಿ ಬಿಡಿ ಟೀಚರೇ. ಬೊಬ್ಬೆ ಹೊಡೆದ್ರೂ ನಂಗೆ ಮಿಷನ್ ಶಬ್ದಕ್ಕೆ ಕೇಳುದಿಲ್ಲ.”

ಏನಾದರೂ ಕೊಡುತ್ತೇನೆ ಅಂದದ್ದಕ್ಕೆ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಮೊದಲ ವರ್ಷ ನಾನು ಬಹಳ ಸುಖಿಯಾಗಿದ್ದೆ. ಶೃಂಗೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಉತ್ತರ ಪತ್ರಿಕೆ ತಿದ್ದುವಾಗ, ಎಷ್ಟು ಸರಿಯಾಗಿ ಊರು ಆರಿಸಿದೆ ಅಂತ ನನ್ನ ಬಗ್ಗೆ ನನಗೇ ಹೆಮ್ಮೆ. ಸ್ಟಾಫ್ ರೂಮಿನಲ್ಲಿ ಹೊಸಬರು ಮನೆ ಹುಡುಕುತ್ತಿದ್ದರೆ ಕರೆಯದೇ ಹೋಗಿ ಸಲಹೆ ಕೊಡುತ್ತಿದ್ದೆ. ಹಾಳೆಯ ವಿಷಯವನ್ನೂ ಹೇಳಿದ್ದೆ. ಅವರು ನನ್ನ ಬೆನ್ನ ಹಿಂದೆ ನಕ್ಕಿರಬೇಕು.

ಎರಡನೇ ವರ್ಷ ಒಂದು ಸಂಜೆ ಬಸ್ಸಿಳಿದು ಹೋದಾಗ ಮಗಳು ಬಾಯಿ ಅಗಲಿಸಿ ತೋರಿಸಿದಳು. ಮುಂದಿನ ಹಲ್ಲು ಇರಲಿಲ್ಲ. ವಾರದಿಂದ ಅಲ್ಲಾಡುತ್ತಿದ್ದ ಹಾಲುಹಲ್ಲು. ಭಾನುವಾರ ನಾನೇ ಕೂತು ದಾರ ಕಟ್ಟಿ ಕೀಳಬೇಕು, ಸಗಣಿಯಲ್ಲಿಟ್ಟು ಹಂಚಿನ ಮಾಡಿನ ಮೇಲೆ ಎಸೆಯಬೇಕು, ನಮ್ಮಮ್ಮ ನನಗೆ ಮಾಡಿದ ಹಾಗೆ, ಅಂತೆಲ್ಲ ಅಂದುಕೊಂಡಿದ್ದೆ.

“ಹಲ್ಲು ಎಲ್ಲಿ?”

“ಮಾಡಿನ ಮೇಲೆ ಹಾಕಿ ಆತು. ಸುಶೀಲತ್ತೆ ನನ್ನ ಎತ್ತಿ ಹಿಡ್ಕೊಂಡ್ರು, ನಾನೇ ಎಸೆದೆ.”

‘ಆತು’ ಅಂದಳು. ನಮ್ಮ ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನನಗೆ ಹಲ್ಲಿನ ಮೇಲೆ ಬಂದ ದುಃಖ ಭಾಷೆಯ ಮೇಲೆ ತಿರುಗಿತು. ಅವತ್ತಿನಿಂದ ತಿದ್ದಲು ಶುರು ಮಾಡಿದೆ. ‘ಎಂತ’ ಅಲ್ಲ, ‘ಏನು’. ‘ಬತ್ತೆ’ ಅಲ್ಲ, ‘ಬರ್ತೀನಿ’. ಮಗಳು ತಲೆಯಾಡಿಸುತ್ತಿದ್ದಳು, ಗೋಡೆಯಾಚೆ ಹೋದ ತಕ್ಷಣ ಅವಳ ಮಾತು ಕೇಳಿಸುತ್ತಿತ್ತು, “ಸುಶೀಲತ್ತೇ, ಎಂತ ಮಾಡ್ತಿದ್ರಿ?” ಸಾಲುಮನೆಯ ಗೋಡೆ ತೆಳುವಾದದ್ದು. ಆ ಕಡೆಯ ನಗು ಈ ಕಡೆಗೆ ಚೆನ್ನಾಗಿ ಬರುತ್ತಿತ್ತು. ನಾನು ಒಬ್ಬಳೇ ಚಪಾತಿ ಲಟ್ಟಿಸುತ್ತಾ ಅದನ್ನು ಕೇಳುತ್ತಿದ್ದೆ. ಕರೆದರೆ ಬರುತ್ತಿದ್ದಳು. ಬಂದ ಮೇಲೆ ಹೇಳುವುದಕ್ಕೆ ಅವಳಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಸ್ಕೂಲಿನಲ್ಲಿ ಯಾರು ಯಾರಿಗೆ ಹೊಡೆದರು, ಯಾರ ಟಿಫನ್ ಬಾಕ್ಸಿನಲ್ಲಿ ಇರುವೆ ಬಂತು, ಮಿಸ್ ಯಾಕೆ ಅತ್ತರು, ಎಲ್ಲವನ್ನೂ ನಾಲ್ಕು ಗಂಟೆಗೇ ಹೇಳಿ ಮುಗಿಸಿರುತ್ತಿದ್ದಳು. ಆರೂವರೆಗೆ ಬರುವ ತಾಯಿಗೆ ಎರಡನೇ ಸಲ ಹೇಳುವ ಉತ್ಸಾಹ ಯಾವ ಮಗುವಿಗೆ ಇರುತ್ತದೆ?

ಇವರಿಗೆ ಬಸ್ಸಿನಲ್ಲಿ ಹೇಳಿದೆ. “ಮಗು ಖುಷಿಯಾಗಿದೆಯಲ್ಲ ಮಾರಾಯ್ತಿ, ಇನ್ನೇನು ಬೇಕು?” ಅಂದರು. ನನಗೂ ಅದೇ ಬೇಕಿತ್ತು. ಬೇಕಿದ್ದದ್ದು ಅದೊಂದೇ ಅಲ್ಲ ಅಂತ ಹೇಗೆ ಹೇಳುವುದು? ಬಸ್ ಸ್ಟ್ಯಾಂಡ್ ಬಂತು, ಇಳಿದೆವು.

ಆ ವರ್ಷದ ಕೊನೆಗೆ ಅವಳ ಸ್ಕೂಲಿನಲ್ಲಿ ಪೋಷಕರ ಸಭೆ. ನಾನು ಅರ್ಧ ದಿನ ರಜೆ ಹಾಕಿ, ಒಳ್ಳೆ ಸೀರೆ ಉಟ್ಟು ಹೋದೆ. ಹೇಳಿಬಿಡುತ್ತೇನೆ, ನನ್ನ ಸ್ಕೂಲಿನಲ್ಲಿ ಸಭೆಗೆ ಬಾರದ ತಂದೆತಾಯಿಗಳ ಬಗ್ಗೆ ಮೈಕು ಹಿಡಿದು ಗಟ್ಟಿಯಾಗಿ ಮಾತಾಡುವವಳು ನಾನೇ. ಅಕ್ಷತಾಳ ಕ್ಲಾಸ್ ಮಿಸ್ ಚಿಕ್ಕ ಹುಡುಗಿ. ನನ್ನನ್ನು ನೋಡಿ ಎದ್ದು ನಿಂತು, ಬಾಗಿಲ ಕಡೆ ಕಣ್ಣು ಹಾಯಿಸಿ, “ಅಕ್ಷತಾನ ಅಮ್ಮ ಬರಲಿಲ್ವಾ? ನೀವು ಅವಳಿಗೆ ಏನಾಗ್ಬೇಕು?” ಅಂದಳು.

ಅವಳದೇನೂ ತಪ್ಪಿಲ್ಲ. ಜ್ವರ ಬಂದಾಗ ಕರೆದುಕೊಂಡು ಹೋಗಲು ಬರುತ್ತಿದ್ದವರು, ಮರೆತ ಟಿಫನ್ ಬಾಕ್ಸು ತಂದುಕೊಡುತ್ತಿದ್ದವರು, ಸ್ಕೂಲ್ ಡೇಗೆ ಚಿಟ್ಟೆಯ ರೆಕ್ಕೆ ಹೊಲಿದು ತಂದವರು ಸುಶೀಲಕ್ಕ. “ನಾನೇ ಅಮ್ಮ,” ಅಂದೆ. ಆ ಹುಡುಗಿಯ ಮುಖ ಕೆಂಪಾಯಿತು. ಅಕ್ಷತಾ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು. ನಾನು ಎಲ್ಲ ವಿಷಯಗಳಲ್ಲಿ ಅವಳ ಅಂಕ ಕೇಳಿ ಬರೆದುಕೊಂಡು ಬಂದೆ. ಬೇರೆ ಏನು ಕೇಳಬೇಕು ಅಂತ ತೋಚಲಿಲ್ಲ.

ಹದಿನೈದು ದಿನದಲ್ಲಿ ಇನ್ನೊಂದು ಹಾಳೆ ತಯಾರಾಯಿತು. ಈ ಸಲ ‘ಬಸ್ಸು’ ಎಂಬ ಕಾಲಂಗೆ ನಲವತ್ತು ಅಂಕ. ಕೊಪ್ಪ ಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮನೆ ಖಾಲಿ ಇತ್ತು. ಬಾಡಿಗೆ ಜಾಸ್ತಿ, ಆದರೆ ನಮ್ಮಿಬ್ಬರ ಸಂಬಳವೂ ಸ್ವಲ್ಪ ಏರಿತ್ತು. ನಾನು ಇಪ್ಪತ್ತು ನಿಮಿಷ ಮುಂಚೆ ಮನೆ ಸೇರಬಹುದು, ಒಂದು ಬಸ್ಸು ಉಳಿಯುತ್ತದೆ, ಮಾಲೀಕರು ಮೇಲಿನ ಮನೆಯಲ್ಲೇ ಇರುತ್ತಾರೆ, ಮಗಳ ಮೇಲೆ ಕಣ್ಣಿಡುತ್ತಾರೆ. ಇವರು ಹಾಳೆಯನ್ನು ತುಂಬ ಹೊತ್ತು ನೋಡಿ, “ಉತ್ತರ ಮೊದ್ಲೇ ಬರ್ಕೊಂಡು ಆಮೇಲೆ ಲೆಕ್ಕ ಮಾಡಿದ ಹಾಗಿದೆ,” ಅಂದರು. ಅಷ್ಟು ಹೇಳಿ ಮಡಚಿ ವಾಪಸ್ ಕೊಟ್ಟರು. ಬೇಡ ಅನ್ನಲಿಲ್ಲ. ಅನ್ನಬೇಕಿತ್ತು ಅಂತ ನಾನು ಆಮೇಲೆ ಎಷ್ಟೋ ಸಲ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೇನೆ.

ಸುಶೀಲಕ್ಕನಿಗೆ ಹೇಳುವಾಗ ನಾನು ಬಸ್ಸಿನ ವೇಳಾಪಟ್ಟಿಯನ್ನೆಲ್ಲ ವಿವರಿಸಿದೆ. ಅವರು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದವರು ಕೈ ನಿಲ್ಲಿಸಿ ಪೂರ್ತಿ ಕೇಳಿದರು. “ಹೌದಪ್ಪ. ನಿಮಗೂ ದಿನಾ ಎರಡೆರಡು ಬಸ್ಸು, ಸೊಂಟ ಬಿದ್ದು ಹೋಗ್ತದೆ. ಒಳ್ಳೇದಾಯ್ತು ಬಿಡಿ.” ಮನೆ ಬಿಡುವ ದಿನ ಬೆಳಗ್ಗೆಯೇ ಬಂದು, ಗಾಜಿನ ಲೋಟಗಳನ್ನೆಲ್ಲ ಒಂದೊಂದಾಗಿ ಬಟ್ಟೆ ಚೂರಿನಲ್ಲಿ ಸುತ್ತಿ ಕೊಟ್ಟರು. ಒಂದೂ ಒಡೆಯಲಿಲ್ಲ.

ಕೊಪ್ಪದ ಮನೆ ಎಲ್ಲ ರೀತಿಯಲ್ಲೂ ಸರಿಯಾಗಿತ್ತು. ನಲ್ಲಿ ಸೋರುತ್ತಿರಲಿಲ್ಲ, ಕಿಟಕಿಗಳು ತೆಗೆಯಲೂ ಮುಚ್ಚಲೂ ಬರುತ್ತಿದ್ದವು. ಇವರು ಬೇಗ ಹೊರಡುತ್ತಿದ್ದರು, ನಾನು ಆಮೇಲೆ. ಹತ್ತು ನಿಮಿಷ ಜೊತೆಗೆ ಕೂತು ಹೋಗುವ ಬಸ್ಸು ಈಗ ಇರಲಿಲ್ಲ. ಅಕ್ಷತಾ ಆಟೋದಲ್ಲಿ ಸ್ಕೂಲಿನಿಂದ ಬಂದು, ಮೇಲಿನವರಿಂದ ಕೀ ಇಸಿದುಕೊಂಡು, ಒಳಗಿನಿಂದ ಚಿಲಕ ಹಾಕಿಕೊಂಡು ಟಿವಿ ನೋಡುತ್ತಿದ್ದಳು. ಯಾರೇ ಬಂದರೂ ಕೇಳದೆ ಬಾಗಿಲು ತೆಗೆಯಬೇಡ ಅಂತ ನಾನೇ ಹೇಳಿಕೊಟ್ಟಿದ್ದೆ. ದಿನಾ ಸಂಜೆ ಬಾಗಿಲು ತಟ್ಟಿದರೆ ಒಳಗಿನಿಂದ, “ಯಾರು?”

“ನಾನು.”

“ನಾನು ಅಂದ್ರೆ?”

“ಅಮ್ಮ.”

ಆಮೇಲೆ ಚಿಲಕ ತೆಗೆಯುವ ಶಬ್ದ. ಅವಳಿಗೆ ಇನ್ನೂ ಎಟುಕುತ್ತಿರಲಿಲ್ಲ, ಸ್ಟೂಲು ಎಳೆದುಕೊಂಡು ಹತ್ತಬೇಕು. ಆ ಸ್ಟೂಲು ಎಳೆಯುವಷ್ಟು ಹೊತ್ತು ನಾನು ಹೊರಗೆ ನಿಂತಿರುತ್ತಿದ್ದೆ. “ಏನು ವಿಶೇಷ ಸ್ಕೂಲಲ್ಲಿ?” ಅಂದರೆ, “ಏನಿಲ್ಲ,” ಅನ್ನುತ್ತಿದ್ದಳು. ‘ಎಂತ ಇಲ್ಲೆ’ ಅನ್ನುತ್ತಿರಲಿಲ್ಲ. ಅವಳ ಭಾಷೆ ಪೂರ್ತಿ ಸರಿಯಾಗಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಒಂದು ರವಿಕೆ ಬಟ್ಟೆ ಹಿಡಿದು ನಾನೊಬ್ಬಳೇ ಬಾಳಗಡಿಗೆ ಹೋದೆ. ಕೊಪ್ಪ ಪೇಟೆಯಲ್ಲಿ ಟೈಲರುಗಳಿಗೇನೂ ಬರ ಇರಲಿಲ್ಲ. ಬಾಗಿಲು ತೆರೆದಿತ್ತು. ಮಿಷನ್ನಿನ ಶಬ್ದ ಇರಲಿಲ್ಲ. ಸುಶೀಲಕ್ಕ ಕಿಟಕಿಯ ಹತ್ತಿರ ನಿಂತು, ಬೆಳಕಿಗೆ ಸೂಜಿ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಲು ನೋಡುತ್ತಿದ್ದರು. ದಾರ ಸೂಜಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮತ್ತೆ ಒದ್ದೆ ಮಾಡಿ ಮತ್ತೆ ಹಿಡಿದರು. ನಾನು ಬಾಗಿಲಲ್ಲಿ ನಿಂತು ನಾಲ್ಕು ಸಲ ನೋಡಿದೆ. ಐದನೇ ಸಲ ಹೋಗಿ ಕೈಯಿಂದ ತೆಗೆದುಕೊಂಡು ಪೋಣಿಸಿ ಕೊಟ್ಟೆ.

“ಓ, ಟೀಚರು! ಎಂತ ಇಷ್ಟು ಅಪರೂಪ?” ಅಂತ ಮುಖ ಅರಳಿಸಿದರು. ಹಿಂದೆ ಬೇರೆ ಯಾರಾದರೂ ಇದ್ದಾರೆಯೋ ಅಂತ ನನ್ನ ಭುಜದಾಚೆ ನೋಡಿದರು. “ಕೂಸು?”

“ಟ್ಯೂಷನ್ನಿಗೆ ಹೋಗಿದಾಳೆ,” ಅಂದೆ. ಅದು ನಿಜವೇ.

“ಓದ್ಲಿ ಓದ್ಲಿ. ನಂಗೆ ಈಗ ಕಣ್ಣು ಮಂಜಾಗಿ ಹೋಯ್ತು ನೋಡಿ. ಮೊದಲು ಕೂಸು ಸಂಜೆ ಕೂತು ಹತ್ತು ಹದಿನೈದು ಸೂಜಿಗೆ ದಾರ ಪೋಣಿಸಿ, ಆ ದಿಂಬಿಗೆ ಚುಚ್ಚಿಟ್ಟು ಹೋಗ್ತಿತ್ತು. ಮಾರನೇ ದಿನ ಇಡೀ ಅದರಲ್ಲೇ ಗುಂಡಿ, ಹೆಮ್ಮಿಂಗ್ ಎಲ್ಲ ಆಗ್ತಿತ್ತು. ಮಿಷನ್ನಿಗೂ ಅದೇ ಪೋಣಿಸ್ತಿತ್ತು.”

ದೂರುವ ದನಿಯೇ ಇರಲಿಲ್ಲ. ಹವಾಮಾನದ ವಿಷಯ ಹೇಳಿದ ಹಾಗೆ ಹೇಳಿದರು. ಇಷ್ಟು ದಿನ ನನ್ನ ಮಗಳನ್ನು ಅವರು ನೋಡಿಕೊಳ್ಳುತ್ತಿದ್ದರು ಎಂದಷ್ಟೇ ನಾನು ತಿಳಿದಿದ್ದೆ. ನನ್ನ ಅಳತೆ ತೆಗೆದುಕೊಳ್ಳುವಾಗ ಟೇಪನ್ನು ಕಣ್ಣಿನ ತೀರಾ ಹತ್ತಿರ ತಂದು ಓದಿದರು. “ಸ್ವಲ್ಪ ಇಳಿದಿದ್ದೀರಿ,” ಅಂದರು. “ರವಿಕೆ ನಾನೇ ತಂದು ಕೊಡ್ತೇನೆ. ನಿಮ್ಮ ಹೊಸ ಮನೆ ನೋಡಿದ ಹಾಗೂ ಆಯ್ತು.”

ಅದಾಗಿ ಒಂದು ಗುರುವಾರ. ನಾನು ಶೃಂಗೇರಿ ಬಸ್ಸಿಳಿದು ಮನೆ ತಿರುವಿಗೆ ಬಂದರೆ ನಮ್ಮ ಬಾಗಿಲು ಅಗಲಕ್ಕೆ ತೆರೆದಿದೆ. ಓಡಿದೆ. ಮೆಟ್ಟಿಲ ಹತ್ತಿರ ಬಂದಾಗ ಮಗಳ ದನಿ ಕೇಳಿಸಿತು.

“… ಮತ್ತೆ ಅವಳು ಎಂತ ಮಾಡಿದ್ಲು ಗೊತ್ತಿದ್ದಾ, ನನ್ನ ಪೆನ್ಸಿಲ್ ತಗಂಡು ಅದರ ತುದಿ ಕಚ್ಚಿ …”

ಎರಡು ತಿಂಗಳ ಸುದ್ದಿ ಒಟ್ಟಿಗೆ ಬರುತ್ತಿತ್ತು. ಮಧ್ಯೆ ಮಧ್ಯೆ ಸುಶೀಲಕ್ಕನ “ಹೌದಾ!”, “ಮತ್ತೆ?”, “ಅಯ್ಯೋ ಕೂಸೇ!” ನಾನು ಚಪ್ಪಲಿ ಕಳಚಿ ಅಲ್ಲೇ ನಿಂತೆ. ಒಳಗೆ ಹೋದರೆ ಆ ಮಾತು ನಿಲ್ಲುತ್ತದೆ ಅಂತ ನನಗೆ ಗೊತ್ತಿತ್ತು. ನನ್ನ ಮನೆಯ ಮೆಟ್ಟಿಲ ಮೇಲೆ ನಿಂತು ನನ್ನ ಮಗಳ ಸ್ಕೂಲಿನ ಸುದ್ದಿಯನ್ನು ಕದ್ದು ಕೇಳಿದೆ. ಇರುವೆ ಬಂದ ಟಿಫನ್ ಬಾಕ್ಸಿನ ಹುಡುಗಿಯ ಹೆಸರು ಅವತ್ತು ಗೊತ್ತಾಯಿತು. ಕೊನೆಗೆ ಮೇಲಿನ ಮನೆಯವರು ಇಳಿದು ಬಂದು, “ಏನು ಟೀಚರೇ, ಹೊರಗೇ ನಿಂತಿದ್ದೀರಿ?” ಅಂದದ್ದರಿಂದ ಒಳಗೆ ಹೋಗಬೇಕಾಯಿತು.

ಕಾಫಿ ಕುಡಿದು ಸುಶೀಲಕ್ಕ ಹೊರಟರು. ಅಕ್ಷತಾ ಗೇಟಿನವರೆಗೆ ಬಂದು, ಅವರ ಕೈ ಹಿಡಿದು ನಿಂತು, ಒಳಗೆ ಓಡಿಹೋದಳು. ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಬಾಳಗಡಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಕೂತೆವು.

“ಟೀಚರೇ, ನಾನು ಮುಂದಿನ ಬುಧವಾರ ಸಾಗರಕ್ಕೆ ಹೋಗ್ತೇನೆ. ಅಣ್ಣನ ಮನೆಗೆ.”

“ಎಷ್ಟು ದಿನಕ್ಕೆ?”

“ಇನ್ನು ಅಲ್ಲೇ. ಮನೆ ಬಿಟ್ಟುಕೊಡ್ತೇನೆ. ಅಣ್ಣ ಎಷ್ಟು ವರ್ಷದಿಂದ ಕರೀತಾ ಇದ್ದ, ನಾನೇ ಹೋಗಿರಲಿಲ್ಲ. ಕಣ್ಣು ಹೀಗಾದ ಮೇಲೆ ಹೊಲಿಗೆ ಎಂತ ಮಾಡುದು.”

“ಆಪರೇಷನ್ ಮಾಡಿಸಿದ್ರೆ …”

“ಮಾಡಿಸುವಾ. ಅಲ್ಲೇ ಮಾಡಿಸ್ತಾರೆ.” ನನ್ನ ಕಡೆ ತಿರುಗಿ ಕೂತರು. “ಕೂಸಿಗೆ ಈಗಲೇ ಹೇಳ್ಬೇಡಿ. ನಿಧಾನಕ್ಕೆ ಹೇಳುವಾ.”

ನಾನು ಹೇಳಬೇಕಾದದ್ದು ಬಹಳ ಇತ್ತು. ಬಸ್ಸಿಗಾಗಿ ಮನೆ ಬಿಟ್ಟದ್ದಲ್ಲ ಸುಶೀಲಕ್ಕ ಅಂತ ಹೇಳಬೇಕಿತ್ತು. ಪೋಷಕರ ಸಭೆಯ ಮಾತು, ಹಲ್ಲಿನ ಮಾತು, ಎಲ್ಲ. ಬಾಯಿ ತೆರೆದು, “ರವಿಕೆ ಸರಿಯಾಗಿ ಕೂರ್ತದೆ,” ಅಂದೆ. ಇನ್ನೂ ಹಾಕಿಕೊಂಡು ನೋಡಿರಲೇ ಇಲ್ಲ. ಅವರು ನನ್ನ ಕೈ ಮೇಲೆ ಕೈಯಿಟ್ಟು ಒಂದು ಸಲ ಒತ್ತಿದರು. ಬಸ್ಸು ಬಂತು. ಬೋರ್ಡು ಓದಲು ಅವರಿಗೆ ಆಗಲಿಲ್ಲ, ನಾನು ಓದಿ ಹತ್ತಿಸಿದೆ.

ಇವರಿಗೆ ರಾತ್ರಿ ಊಟದ ಹೊತ್ತಿಗೆ ಪಿಸುದನಿಯಲ್ಲಿ ಹೇಳಿದೆ. ‘ನಾನು ಆವತ್ತೇ ಹೇಳಿದ್ದೆ’ ಅನ್ನಲಿಲ್ಲ. ಅಂದಿದ್ದರೆ ಜಗಳ ಆಡಿ ಸ್ವಲ್ಪ ಹಗುರಾಗಬಹುದಿತ್ತು.

ಆದರೆ ಅವತ್ತಿನಿಂದ ಒಂದು ಆಶ್ಚರ್ಯ. ಅಕ್ಷತಾ ನನ್ನ ಹತ್ತಿರ ಬಂದು ಕೂರತೊಡಗಿದಳು. ನಾನು ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದಾಗಲೇ ಟಿವಿ ಆರಿಸಿ ಅಡುಗೆಮನೆಗೆ ಬಂದು ನನ್ನ ಕಾಲಿಗೆ ಒರಗಿ ಕೂತಿದ್ದಳು. ಶುಕ್ರವಾರ ಪುಸ್ತಕ ತಂದು ಅಲ್ಲೇ ಹೋಂವರ್ಕ್ ಮಾಡಿದಳು. ಶನಿವಾರ ನಾನು ಬಟ್ಟೆ ಮಡಚುವಾಗ ಪಕ್ಕ ಕೂತು ಕಾಲುಚೀಲಗಳ ಜೊತೆ ಹುಡುಕಿ ಕೊಟ್ಟಳು. ಕೇಳದೆಯೇ ಮಿಸ್ಸಿನ ಹೊಸ ಸೀರೆಯ ಬಗ್ಗೆ ಹೇಳಿದಳು. ಸುಶೀಲಕ್ಕನ ವಿಷಯ ಮುಚ್ಚಿಟ್ಟ ತಪ್ಪು ಒಂದು ಕಡೆ ಕೊರೆಯುತ್ತಿದ್ದರೂ, ಇನ್ನೊಂದು ಕಡೆ ನನ್ನೊಳಗೆ ಒಂದು ಖುಷಿ ಎದ್ದಿತ್ತು. ಹೇಳಲು ನಾಚಿಕೆಯಾಗುತ್ತದೆ, ಗೆದ್ದ ಖುಷಿ ಅದು. ಅಂತೂ ಮಗಳು ನನ್ನ ಕಡೆ ತಿರುಗಿದಳು ಅಂದುಕೊಂಡೆ.

ಭಾನುವಾರ ಬೆಳಗ್ಗೆ ನಾನು ನೆಲದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದೆ. ಅವಳೂ ಪಕ್ಕದಲ್ಲಿ ಕೂತು ನಾರು ತೆಗೆಯುತ್ತಿದ್ದಳು.

“ಅಮ್ಮ, ಸಾಗರ ತುಂಬ ದೂರವಾ?”

“ಯಾಕೆ?”

“ಸುಶೀಲತ್ತೆ ಹೋಗ್ತಾರಲ್ಲ.”

“ನಿಂಗೆ ಯಾರು ಹೇಳಿದ್ದು?”

“ಅವರೇ. ಅವತ್ತು ನೀನು ಬರೋದಕ್ಕೆ ಮುಂಚೆ. ಅಮ್ಮಂಗೆ ನಾನು ಬಸ್ ಸ್ಟ್ಯಾಂಡಲ್ಲಿ ಹೇಳ್ತೇನೆ, ಅಮ್ಮಂಗೆ ತುಂಬ ಬೇಜಾರಾಗ್ತದೆ, ನೀನು ಒಂದು ನಾಲ್ಕು ದಿನ ಅಮ್ಮನ ಹತ್ತಿರಾನೇ ಕೂತ್ಕೋ, ನಿಂಗೆ ಗೊತ್ತು ಅಂತ ಅಲ್ಲಿವರೆಗೆ ಹೇಳ್ಬೇಡ ಅಂದ್ರು.” ಒಂದು ಬೀನ್ಸಿನ ನಾರನ್ನು ಉದ್ದಕ್ಕೆ ಎಳೆದು ತೆಗೆದು ಪಕ್ಕಕ್ಕಿಟ್ಟಳು. “ಇವತ್ತಿಗೆ ನಾಲ್ಕು ದಿನ ಆಯ್ತಲ್ಲ?”

ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ನಾನು ಮನಸ್ಸಿನಲ್ಲೇ ಎರಡು ಸಲ ಎಣಿಸಿದೆ.

“ಇಲ್ಲ,” ಅಂದೆ. “ಇನ್ನೂ ಮೂರೇ ದಿನ ಆಗಿದ್ದು.”

ಅವಳು ಬೆರಳು ಮಡಿಸಿ ಎಣಿಸಿದಳು. ನಾಲ್ಕು ಬೆರಳು ಮಡಿಸಿತ್ತು. ತಲೆಯೆತ್ತಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ಬೆರಳನ್ನು ಮೆಲ್ಲಗೆ ಬಿಚ್ಚಿದಳು.